ಮಾಡು ಮಾಯವಾದ ಮನೆ

ಮೇ ತಿಂಗಳಲ್ಲಿ ಊರಿಗೆ ಹೋಗಿ ಬಂದ ನಮ್ಮವರು ಜೂನ್‌ನಲ್ಲಿ ಸಂಘದ ಸಭೆಗೆ ಬಂದಾಗ ಎರಡೇ ವಿಷಯ ಮಾತಾಡುತ್ತಾರೆ. ಒಂದು, ಬಸ್ಸಿನ ಟಿಕೆಟ್ ದರ. ಇನ್ನೊಂದು, ಊರಿನ ಮನೆಯ ಮಾಡು. ಮಂಗ ಹಂಚು ಒಡೆಯುತ್ತದೆ, ಹಂಚು ಹೊದೆಸುವ ಆಳು ಸಿಗುವುದಿಲ್ಲ, ರೀಪು ಗೆದ್ದಲು ಹಿಡಿದಿದೆ, ಶೀಟು ಹಾಕಿಸುವುದೋ ಸ್ಲಾಬು ಹಾಕಿಸುವುದೋ. ಈ ಸಲ ನಮ್ಮ ಮನೆಯಲ್ಲೂ ಅದೇ ಆಯಿತು. ಕಂಪ್ಯೂಟರಿನ ಕೆಲಸ ಗೊತ್ತಿರುವವನು ಎಂಬ ತಪ್ಪಿಗೆ ಆ ಜಗಳ ನನ್ನ ಲ್ಯಾಪ್‌ಟಾಪಿನೊಳಗೆ ಬಂದು ಕೂತಿತು.

ಕುಂದಾಪುರದ ಬದಿಯ ಹಳ್ಳಿಯಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ತಂಗಿಯ ಮನೆ ಅಲ್ಲೇ ಹತ್ತಿರ. ಅಣ್ಣ ಪುಣೆಯಲ್ಲಿ, ನಾನು ಡೊಂಬಿವಲಿಯಲ್ಲಿ. ಹಂಚು ತೆಗೆದು ಬಣ್ಣದ ತಗಡಿನ ಶೀಟು ಹಾಕಿಸಿಬಿಡೋಣ ಎಂಬುದು ಅಣ್ಣನ ಹಟ. ಅಮ್ಮ ಬೇಡ ಎನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ಅವಳ ಸುಮ್ಮನಿರುವಿಕೆಯ ಅರ್ಥ ನಮಗೆಲ್ಲ ಗೊತ್ತು. ಕೊನೆಗೆ ಅಣ್ಣ ಹೇಳಿದ: “ನೀನು ಎರಡೂ ಥರದ ಚಿತ್ರ ಮಾಡಿ ಕಳಿಸು. ನೋಡಿ ತೀರ್ಮಾನ ಮಾಡುವ.”

ಎಷ್ಟು ಸುಲಭದ ಮಾತು! ಆ ಚಿತ್ರ ಸರಿಬರಲು ನನಗೆ ಮೂರು ವಾರ ಹಿಡಿಯಿತು. ಊರಿನ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ಉತ್ಸಾಹ ಓದುಗರಲ್ಲಿ ಹಲವರಿಗೆ ಇದೆ ಎಂದು ಗೊತ್ತಿರುವುದರಿಂದ, ಮಾಡಿನ ವಿಷಯದಲ್ಲಿ ನಾನು ಎಡವಿದ ಜಾಗಗಳನ್ನು ಈ ತಿಂಗಳು ಬರೆಯುತ್ತಿದ್ದೇನೆ.

ನಾನು ಬಳಸಿದ್ದು ಸ್ವೀಟ್ ಹೋಮ್ 3ಡಿ. ಫ್ರಾನ್ಸಿನ ಎಮ್ಯಾನುಯೆಲ್ ಪುಯಿಬಾರೆ ಬರೆದ ಮುಕ್ತ ತಂತ್ರಾಂಶ, 2006ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮೇಲಿನ ಭಾಗದಲ್ಲಿ ನಕ್ಷೆಯ ಹಾಗೆ ಗೋಡೆ ಎಳೆದರೆ ಕೆಳಗಿನ ಭಾಗದಲ್ಲಿ ಮನೆ ಎದ್ದು ನಿಲ್ಲುತ್ತದೆ. ಗೋಡೆ, ಬಾಗಿಲು, ಕಿಟಕಿ, ನೆಲ ಎಲ್ಲ ಒಂದು ಭಾನುವಾರದಲ್ಲಿ ಮುಗಿಯಿತು. ಆದರೆ ಅದರಲ್ಲಿ ಮಾಡು ಹೊದೆಸುವ ಗುಂಡಿ ಎಂಬುದಿಲ್ಲ. ಮೇಜು, ಕುರ್ಚಿ ತಂದಿಡುವ ಹಾಗೆ ಮಾಡನ್ನೂ ಒಂದು ಸಿದ್ಧ ಮಾದರಿಯಾಗಿ ಹೊರಗಿನಿಂದ ತಂದು ಗೋಡೆಗಳ ಮೇಲೆ ಇಡಬೇಕು. ನನ್ನ ಕಷ್ಟವೆಲ್ಲ ಶುರುವಾದದ್ದು ಹೀಗೆ ತಂದ ಮಾಡಿನಿಂದ. ಆದ್ದರಿಂದ ತಂತ್ರಾಂಶವನ್ನು ಬೈಯುವ ಹಕ್ಕು ನನಗಿಲ್ಲ.

ಮೊದಲು ತಂದ ಮಾಡು ಮೇಲಿನಿಂದ ನೋಡಿದರೆ ಚೆನ್ನಾಗಿತ್ತು. ಚಾವಡಿಯಲ್ಲಿ ನಿಂತು ತಲೆಯೆತ್ತಿದರೆ ನೀಲಿ ಆಕಾಶ! ಮಾಡು ಪೂರ್ತಿ ಮಾಯ. ಹೊರಗೆ ಬಂದರೆ ಮತ್ತೆ ಇದೆ. ಪಾರದರ್ಶಕತೆಯ ದೋಷ ಇರಬೇಕೆಂದು ಅರ್ಧ ದಿನ ಅದನ್ನೇ ಹುಡುಕಿದೆ. ಅದು ಪಾರದರ್ಶಕತೆಯೇ ಅಲ್ಲ.

ಕಂಪ್ಯೂಟರಿನ ಲೋಕದಲ್ಲಿ ಪ್ರತಿಯೊಂದು ವಸ್ತುವೂ ಚಿಕ್ಕ ಚಿಕ್ಕ ತ್ರಿಕೋನಗಳಿಂದಾದದ್ದು. ಆ ತ್ರಿಕೋನಕ್ಕೆ ದಪ್ಪ ಇಲ್ಲ, ಒಂದು ಮುಖ ಮಾತ್ರ ಉಂಟು. ಮೂರು ಮೂಲೆಗಳನ್ನು ಯಾವ ಕ್ರಮದಲ್ಲಿ ಬರೆದಿದ್ದಾರೆ ಎಂಬುದರಿಂದ ಮುಖ ಯಾವ ಕಡೆಗೆ ಎಂದು ತೀರ್ಮಾನವಾಗುತ್ತದೆ. ಸಾಮಾನ್ಯ ಪದ್ಧತಿಯಂತೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಎಣಿಸಿಕೊಂಡು ಹೋದಂತೆ ಕಾಣುವ ಕಡೆ ಮುಂಬದಿ. ಹಿಂಬದಿಯನ್ನು ಕಂಪ್ಯೂಟರ್ ಬಿಡಿಸುವುದೇ ಇಲ್ಲ. ಮುಚ್ಚಿದ ಪೆಟ್ಟಿಗೆಯ ಒಳಬದಿ ಯಾರಿಗೂ ಕಾಣುವುದಿಲ್ಲವಾದ್ದರಿಂದ ಅಷ್ಟು ಶ್ರಮ ಉಳಿತಾಯ. ಪೆಟ್ಟಿಗೆಗೆ ಅದು ಸರಿ. ಆದರೆ ಯಾರೋ ಮಾಡನ್ನು ಒಂದೇ ಪದರದ ಹಾಳೆಯಾಗಿ ಬಿಡಿಸಿಟ್ಟಿದ್ದರೆ, ಅದರ ಒಳಮೈ ಎಂಬುದೇ ಇರುವುದಿಲ್ಲ. ಸುಣ್ಣ ಬಳಿಯದ ಗೋಡೆಯಾದರೂ ಗೋಡೆಯೇ. ಇಲ್ಲಿ ಹಾಗಲ್ಲ, ಆ ಕಡೆಯಿಂದ ಗೋಡೆಯೇ ಇಲ್ಲ.

ಪರಿಹಾರ ಸುಲಭ. ಮಾದರಿಯನ್ನು ಒಳಗೆ ತರುವಾಗ ಹಿಂಬದಿಯನ್ನೂ ತೋರಿಸು ಎಂಬ ಆಯ್ಕೆ ಇದೆ, ಅದಕ್ಕೆ ಗುರುತು ಹಾಕಿದರೆ ಸಾಕು. ಬ್ಲೆಂಡರ್ ಗೊತ್ತಿದ್ದವರು ಅಲ್ಲಿ ಮಾದರಿ ತೆರೆದು ಮುಖದ ದಿಕ್ಕು ತೋರಿಸುವ ಆಯ್ಕೆ ಒತ್ತಿದರೆ ಹಿಂಬದಿ ಕೆಂಪು ಬಣ್ಣದಲ್ಲಿ ಕಾಣುತ್ತದೆ. ಮಾಡಿನ ಹೊರಮೈಯಲ್ಲಿ ನಡುನಡುವೆ ಕೆಂಪು ತೇಪೆ ಕಂಡರೆ, ಆ ತೇಪೆಗಳೇ ನಿಮ್ಮ ಮಾಡಿನ ತೂತುಗಳು. ನನ್ನ ಅಭಿಪ್ರಾಯ ಕೇಳಿದರೆ, ಮಾಡಿಗೆ ನಿಜವಾದ ದಪ್ಪ ಕೊಡುವುದೇ ಒಳ್ಳೆಯದು. ಪಕ್ಕಾಸು, ರೀಪು, ಹಂಚು ಸೇರಿ ನಮ್ಮ ಮಾಡು ಒಂದು ಗೇಣಾದರೂ ದಪ್ಪ ಇದೆ. ಹಾಳೆಯಂಥ ಮಾಡು ಹೊರಗಿನಿಂದ ನೋಡಿದರೂ ಮನೆಗೆ ಕಾಗದದ ಟೋಪಿ ಇಟ್ಟ ಹಾಗೆ ಕಾಣುತ್ತದೆ.

ಎರಡನೆಯ ಮಾದರಿ ತಂದೆ. ಇದಕ್ಕೆ ದಪ್ಪ ಇತ್ತು, ಎರಡೂ ಬದಿ ಇತ್ತು. ಆದರೆ ಇಡೀ ಮಾಡು ಹೊಗೆ ಹಿಡಿದ ಗಾಜಿನ ಹಾಗೆ, ಮೇಲಿನಿಂದ ನೋಡಿದರೆ ಅಡುಗೆಮನೆಯ ಒಲೆಯವರೆಗೂ ಮಸುಕು ಮಸುಕಾಗಿ ಕಾಣುತ್ತಿತ್ತು. ಇದು ಮಾತ್ರ ನಿಜವಾದ ಪಾರದರ್ಶಕತೆ. ಹೊರಗಿನಿಂದ ತರುವ ಮಾದರಿ ಸಾಮಾನ್ಯವಾಗಿ ಎರಡು ಕಡತಗಳ ಜೋಡಿ. ಒಬಿಜೆ ಎಂಬ ಕಡತದಲ್ಲಿ ಆಕಾರ, ಎಂಟಿಎಲ್ ಎಂಬುದರಲ್ಲಿ ಬಣ್ಣ, ಹೊಳಪು, ಮೈಗೆ ಅಂಟಿಸುವ ಚಿತ್ರದ ಹೆಸರು. ಎರಡನೆಯದನ್ನು ಸಾದಾ ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು. ತೆರೆದೆ. ಮಾಡಿನ ಹೆಸರಿನ ಕೆಳಗೆ ‘ಡಿ’ ಅಕ್ಷರದ ಮುಂದೆ 0.3 ಎಂದಿತ್ತು. ಆ ಜಾಗದಲ್ಲಿ 1 ಎಂದರೆ ಪೂರ್ತಿ ಗಟ್ಟಿ, 0 ಎಂದರೆ ಪೂರ್ತಿ ಅದೃಶ್ಯ. ಮಾದರಿ ಮಾಡಿದ ಪುಣ್ಯಾತ್ಮ ತನಗೆ ಒಳಗಿನ ಕೋಣೆ ಕಾಣಲೆಂದು 0.3ಕ್ಕೆ ಇಳಿಸಿ, ಹಾಗೇ ಬಿಟ್ಟಿದ್ದ. 1 ಎಂದು ತಿದ್ದಿ, ಉಳಿಸಿ, ಮಾದರಿಯನ್ನು ಮತ್ತೊಮ್ಮೆ ಒಳಗೆ ತಂದೆ. ಮತ್ತೊಮ್ಮೆ ತರುವುದನ್ನು ಮರೆಯಬೇಡಿ. ಮೊದಲು ತಂದಾಗಲೇ ತಂತ್ರಾಂಶ ತನ್ನೊಳಗೆ ಒಂದು ಪ್ರತಿ ಇಟ್ಟುಕೊಂಡಿರುತ್ತದೆ, ಹೊರಗೆ ಎಷ್ಟು ತಿದ್ದಿದರೂ ಅದಕ್ಕೆ ತಿಳಿಯುವುದಿಲ್ಲ.

ಕೆಲವು ಕಡತಗಳಲ್ಲಿ ‘ಡಿ’ ಬದಲು ‘ಟಿಆರ್’ ಇರುತ್ತದೆ. ಅದು ತಿರುಗುಮುರುಗು: 1 ಎಂದರೆ ಅದೃಶ್ಯ, 0 ಎಂದರೆ ಗಟ್ಟಿ. ಸಾಲದ್ದಕ್ಕೆ ಕೆಲವು ತಂತ್ರಾಂಶಗಳು ಟಿಆರ್ ಎಂದು ಬರೆದು ಡಿ ಅರ್ಥದಲ್ಲಿ ಬಳಸುತ್ತವೆ. ಒಂದು ಕಡೆ ಗಟ್ಟಿಯಾಗಿದ್ದ ಮಾಡು ಇನ್ನೊಂದು ಕಡೆ ಗಾಳಿಯಾಗುವುದು ಹೀಗೆ. ಟಿಆರ್ ಸಾಲು ಕಂಡರೆ ಅದನ್ನು ಅಳಿಸಿ ಡಿ 1 ಎಂದು ಬರೆದುಬಿಡಿ, ನೆಮ್ಮದಿ. ಮಾಡು ಬರೀ ಬೂದು ಬಣ್ಣದಲ್ಲಿ ಬಂದರೆ ಎಂಟಿಎಲ್ ಕಡತವೋ ಚಿತ್ರವೋ ಜೊತೆಗೆ ಬಂದಿಲ್ಲ ಎಂದು ತಿಳಿಯಿರಿ. ಎಲ್ಲವನ್ನೂ ಒಂದೇ ಜಿಪ್ ಮಾಡಿ ತರುವುದು ವಾಸಿ.

ಇಷ್ಟೆಲ್ಲ ಗೋಜಿಗೆ ಹೋಗುವ ಮೊದಲು ನೋಡಬೇಕಾದ ಸಣ್ಣ ವಿಷಯಗಳೂ ಇವೆ. ಪೀಠೋಪಕರಣಗಳ ಪಟ್ಟಿಯಲ್ಲಿ ಮಾಡಿನ ಎದುರು ‘ಕಾಣುವ’ ಗುರುತು ಇದೆಯೇ? ಮಾಡು ಮೇಲಿನ ಅಂತಸ್ತಿನಲ್ಲಿದ್ದು, ಆಯ್ದ ಅಂತಸ್ತನ್ನು ಮಾತ್ರ ತೋರಿಸು ಎಂದು ನೀವೇ ಹೇಳಿಟ್ಟಿದ್ದೀರಾ? ಗೋಡೆಯ ಪಾರದರ್ಶಕತೆಯ ಜಾರುಪಟ್ಟಿಯನ್ನು ಯಾವಾಗಲೋ ಎಳೆದು ಮರೆತಿದ್ದೀರಾ? ನನ್ನ ಗೋಡೆಗಳು ಎರಡು ದಿನ ಭೂತದ ಹಾಗಿದ್ದವು, ಕಾರಣ ಅದೇ. ಅಂದಹಾಗೆ ಮಾಡನ್ನು ಬೇಕೆಂದೇ ಬೇರೆ ಅಂತಸ್ತಿನಲ್ಲಿ ಇಡುವುದು ಒಳ್ಳೆಯ ಅಭ್ಯಾಸ. ಒಳಗೆ ಮಂಚ, ಕಪಾಟು ಸರಿಸುವಾಗ ಆ ಅಂತಸ್ತನ್ನೇ ಮರೆಮಾಡಿದರಾಯಿತು, ಮಾಡನ್ನು ಗಾಜು ಮಾಡುವ ಅಗತ್ಯ ಬೀಳುವುದಿಲ್ಲ.

ಅಂತೂ ಮಾಡು ನಿಂತಿತು. ಹಂಚಿನದೊಂದು, ಶೀಟಿನದೊಂದು ಚಿತ್ರ ಮಾಡಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಐದೇ ನಿಮಿಷದಲ್ಲಿ ಅಣ್ಣನ ಉತ್ತರ ಬಂತು: “ನೋಡು, ನಾನು ಹೇಳಿದ್ದೇ ಸರಿ. ಹಂಚು ಹಾಕಿದರೆ ಕೋಳಿಗೂಡಿನ ಹಾಗೆ ಕಾಣ್ತದೆ. ಶೀಟು ಹಾಕಿದ್ದು ಗಂಭೀರವಾಗಿದೆ.” ಅತ್ತಿಗೆಯ ಹೆಬ್ಬೆರಳೂ ಮೇಲೆದ್ದಿತು. ಶೀಟಿನವನಿಗೆ ಮುಂಗಡ ಕೊಡುವ ಮಾತೂ ಬಂತು. ರಾತ್ರಿ ತಂಗಿ ತನ್ನ ಫೋನಿನಲ್ಲಿ ಅಮ್ಮನಿಗೆ ಚಿತ್ರ ತೋರಿಸಿದಳು. ಅಮ್ಮ ಕಣ್ಣಿನ ಹತ್ತಿರ ಹಿಡಿದು ನೋಡಿ ಕೇಳಿದ್ದು: “ಇದ್ ಯಾರ್ ಮನಿ ಮಗಾ? ನಮ್ ಹಂಚ್ ಇಷ್ಟ್ ದೊಡ್ಡದಾ?”

ನಾನು ಮತ್ತೆ ಚಿತ್ರ ನೋಡಿದೆ. ಅಮ್ಮ ಹೇಳಿದ್ದು ನಿಜ. ಒಂದೊಂದು ಹಂಚೂ ಊಟದ ಬಾಳೆಲೆಯಷ್ಟು ಅಗಲ ಇತ್ತು.

ಆದದ್ದು ಇಷ್ಟು. ಮಾದರಿ ಮಾಡಿದವನು ಅದನ್ನು 4 ಮೀಟರ್ ಉದ್ದದ ಮಾಡಿಗೆಂದು ಮಾಡಿ, ಹಂಚಿನ ಚಿತ್ರವನ್ನು ಅದಕ್ಕೆ ಸರಿಯಾಗಿ ಅಂಟಿಸಿದ್ದ. ಚಿತ್ರದ ಯಾವ ಬಿಂದು ಮಾಡಿನ ಯಾವ ಬಿಂದುವಿಗೆ ಎಂಬುದು ಮಾದರಿಯೊಳಗೇ ಬರೆದಿರುತ್ತದೆ. ನಾನು ಅದನ್ನು ಹಿಡಿದು ನಮ್ಮ ಮನೆಯ ಅಳತೆಗೆ, 11 ಮೀಟರಿಗೆ ಎಳೆದೆ. ರಬ್ಬರಿನ ಮೇಲೆ ಬರೆದ ಅಕ್ಷರದ ಹಾಗೆ ಹಂಚುಗಳೂ ಹಿಗ್ಗಿದವು. 20 ಸೆಂಟಿಮೀಟರಿನ ಹಂಚು 55 ಸೆಂಟಿಮೀಟರ್ ಆಯಿತು. ಹಂಚಿನ ಅಳತೆ ನಮ್ಮ ಕಣ್ಣಿಗೆ ಹುಟ್ಟಿನಿಂದ ಗೊತ್ತು. ಆದ್ದರಿಂದ ಹಂಚು ದೊಡ್ಡದಾದರೆ ಮನೆ ಚಿಕ್ಕದಾಗಿ ಕಾಣುತ್ತದೆ, ಹಂಚು ದೊಡ್ಡದಾದದ್ದು ಮಾತ್ರ ಯಾರಿಗೂ ಕಾಣುವುದಿಲ್ಲ. ಶೀಟಿಗೆ ಆ ಕಷ್ಟ ಇಲ್ಲ. ಅದು ಉದ್ದಕ್ಕೂ ಒಂದೇ ಗೆರೆ, ಎಷ್ಟು ಎಳೆದರೂ ಶೀಟೇ. ಅಣ್ಣನಿಗೆ ಹಂಚಿನ ಮನೆ ಕೋಳಿಗೂಡಾಗಿ ಕಂಡದ್ದು ನನ್ನ ಎಳೆತದಿಂದ. ಆ ಚಿತ್ರದ ಮೇಲೆ ಮುಂಗಡ ಕೊಟ್ಟುಬಿಟ್ಟಿದ್ದರೆ?

ಮರುದಿನ ತಂಗಿಗೆ ಟೇಪು ಹಿಡಿದು ಅಳೆಯಲು ಹೇಳಿದೆ. ಕೈಯಲ್ಲಿ ಹಿಡಿದ ಹಂಚಿನ ಅಳತೆ ಇಲ್ಲಿ ಪ್ರಯೋಜನಕ್ಕಿಲ್ಲ, ಒಂದರ ಮೇಲೊಂದು ಕೂತು ಉಳಿದು ಕಾಣುವ ಭಾಗ ಬೇಕು. ಕೊಟ್ಟಿಗೆಯ ತಗ್ಗಿನ ಮಾಡಿನಲ್ಲಿ ಅಳೆದಳು: ಅಗಲ ಹೆಚ್ಚುಕಡಿಮೆ 20, ಉದ್ದ 32 ಸೆಂಟಿಮೀಟರ್. ಆಮೇಲೆ ಅಂಗಳದಲ್ಲಿ ನಿಂತು ಮನೆಯ ಮಾಡಿನ ಸಾಲು ಎಣಿಸಿದಳು. ನೆತ್ತಿಯಿಂದ ಸೂರಿನವರೆಗೆ 16 ಸಾಲು. ಅಮ್ಮ ಒಳಗಿಂದಲೇ 16 ಎಂದು ಕೂಗಿ ಹೇಳಿದ್ದಳಂತೆ, ಎಣಿಸುವ ಮೊದಲೇ.

ಲೆಕ್ಕ ಹೀಗೆ. ತಂಗಿ ಮಾಡಿನ ಎದುರು ನಿಂತು ತೆಗೆದು ಕಳಿಸಿದ ಫೋಟೋವನ್ನು ಅಡ್ಡ 5 ಹಂಚು, ಉದ್ದ 4 ಸಾಲು ಬರುವಂತೆ ಕತ್ತರಿಸಿದೆ. ಅಂದರೆ ಆ ಚಿತ್ರದ ನಿಜವಾದ ಅಳತೆ 100 ಸೆಂಟಿಮೀಟರ್ ಅಗಲ, 128 ಸೆಂಟಿಮೀಟರ್ ಉದ್ದ. ತಂತ್ರಾಂಶಕ್ಕೆ ಹೊಸ ಮೈಚಿತ್ರ ಸೇರಿಸುವಾಗ ಅಗಲ, ಎತ್ತರ ಕೇಳುತ್ತದಲ್ಲ, ಬಹಳ ಜನ ಅಲ್ಲಿ ಇದ್ದ ಸಂಖ್ಯೆಗೇ ಸರಿ ಎಂದು ಒತ್ತಿ ಮುಂದೆ ಹೋಗುತ್ತಾರೆ. ನೆಲದ ಟೈಲ್ಸು ಚಾಪೆಯಷ್ಟು ದೊಡ್ಡದಾಗುವುದು, ಗೋಡೆಯ ಇಟ್ಟಿಗೆ ಬೆಂಕಿಪೊಟ್ಟಣದಷ್ಟಾಗುವುದು ಇದರಿಂದಲೇ. ಇನ್ನು ಮಾಡಿಗೆ ಆ ಹಳೆಯ ಮಾದರಿ ಬಿಟ್ಟು, ಬ್ಲೆಂಡರಿನಲ್ಲಿ ನಮ್ಮದೇ ಅಳತೆಯ ಎರಡು ಇಳಿಜಾರು ಹಲಗೆ ಮಾಡಿದೆ. ಚಿತ್ರ ಅಡ್ಡಕ್ಕೆ 11 ಸಲ, ಇಳಿಜಾರಿನಲ್ಲಿ 4 ಸಲ ಕೂರಬೇಕು. ಕೂತಿತು. 16 ಸಾಲು ಬಂತು.

ಬಂದರೂ ಒಂದು ಇಳಿಜಾರಿನಲ್ಲಿ ಹಂಚು ತಲೆಕೆಳಗು! ಮಳೆನೀರು ನೆತ್ತಿಯ ಕಡೆ ಹರಿಯಬೇಕಾದ ಹಾಗೆ. ಒಂದೇ ಚಿತ್ರ ಎರಡೂ ಬದಿಗೆ ಒಂದೇ ದಿಕ್ಕಿನಲ್ಲಿ ಕೂತಿತ್ತು. ಆ ಬದಿಯ ಚಿತ್ರವನ್ನು 180 ಡಿಗ್ರಿ ತಿರುಗಿಸಿದೆ. ಫೋಟೋದ ಒಂದು ಅಂಚಿನಲ್ಲಿ ತೆಂಗಿನ ಗರಿಯ ನೆರಳು ಬಿದ್ದಿತ್ತು, ಅದು ಹನ್ನೊಂದು ಸಲ ಪುನರಾವರ್ತನೆಯಾಗಿ ಮಾಡಿನ ಮೇಲೆ ಪಟ್ಟೆ ಪಟ್ಟೆಯಾಯಿತು. ಮೋಡದ ದಿನ ತೆಗೆದ ಫೋಟೋ ಬಳಸಿ. ಪಾಚಿ ಕಟ್ಟಿದ ಒಂದೇ ಒಂದು ಹಂಚಿದ್ದರೂ ಕಣ್ಣು ಅದನ್ನೇ ಹುಡುಕಿ ಎಣಿಸುತ್ತದೆ.

ಹೊಸ ಚಿತ್ರ ನೋಡಿ ಅಣ್ಣ ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ “ಇದು ಬೇರೆ ಥರ ಕಾಣ್ತದೆ” ಎಂದ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಅಲ್ಲಿಂದ ಆ ಹಂಚು ಹಡಗೇರಿ ಮುಂಬಯಿಗೂ ಬಂತು. ನಮ್ಮ ಹಿರಿಯರು ಬಂದಿಳಿದ ಎಷ್ಟೋ ಚಾಳುಗಳ ಮೇಲೂ ಅದೇ ಹಂಚು. ಆ ಅಳತೆ ಅಣ್ಣನ ಕಣ್ಣಿನಲ್ಲೂ ಇದೆ.

ಅಮ್ಮ ಮಾತ್ರ ಒಪ್ಪಲಿಲ್ಲ. “ಹಂಚ್ ಸಮ ಆಯ್ತ್. ಗಾಜಿನ್ ಹಂಚ್ ಎಲ್ಲಿತ್? ಅಡ್ಗಿ ಕೋಣಿಗ್ ಬೆಳ್ಕ್ ಬಪ್ಪುದ್ ಎಲ್ಲಿಂದ?”

ಈಗ ನಿಜವಾಗಿ ಪಾರದರ್ಶಕ ಹಂಚು ಬೇಕಾಯಿತು. ಮಾಡು ಗಾಜಾಗದಂತೆ ನೋಡಿಕೊಳ್ಳಲು ಒಂದು ವಾರ ಕಳೆದಿದ್ದೆ, ಇನ್ನೊಂದು ವಾರ ಒಂದೇ ಒಂದು ಹಂಚನ್ನು ಗಾಜು ಮಾಡಲು ಹೋಯಿತು. ಮೊದಲು ಮಾಡಿದ ಬುದ್ಧಿವಂತಿಕೆ ಕೇಳಿ. ಪಿಎನ್‌ಜಿ ಚಿತ್ರದಲ್ಲಿ ಬಣ್ಣದ ಜೊತೆ ಪಾರದರ್ಶಕತೆಯನ್ನೂ ಇಡಬಹುದು, ಜೆಪೆಗ್‌ನಲ್ಲಿ ಆಗುವುದಿಲ್ಲ. ಆದ್ದರಿಂದ ಹಂಚಿನ ಚಿತ್ರವನ್ನು ಪಿಎನ್‌ಜಿ ಮಾಡಿ ಒಂದು ಹಂಚನ್ನು ಅಳಿಸಿ ತೂತು ಮಾಡಿದೆ. ಚಿತ್ರ ಅಡ್ಡಕ್ಕೆ 11, ಉದ್ದಕ್ಕೆ 4 ಸಲ ಬರುತ್ತದೆ ಎಂದು ಈಗಷ್ಟೇ ಹೇಳಿದೆನಲ್ಲ. ಒಂದೊಂದು ಇಳಿಜಾರಿನಲ್ಲಿ 44 ಗಾಜಿನ ಹಂಚು! ದೋಸೆ ಕಾವಲಿಯಿಂದ ಎದ್ದ ಹಾಗೆ ಮಾಡಿನ ತುಂಬ ತೂತು. ತಂಗಿ ನಕ್ಕೂ ನಕ್ಕೂ ಸುಸ್ತಾದಳು. (ಇದೇ ಕಾರಣಕ್ಕೆ, ಹಿನ್ನೆಲೆ ಅಳಿಸುವ ಮೊಬೈಲ್ ಆ್ಯಪ್‌ನಿಂದ ಬಂದ ಪಿಎನ್‌ಜಿ ಚಿತ್ರವನ್ನು ಮಾಡಿಗೋ ಗೋಡೆಗೋ ಅಂಟಿಸಬೇಡಿ. ಕಣ್ಣಿಗೆ ಬಿಳಿಯಾಗಿ ಕಂಡ ಜಾಗ ತೂತಾಗಿರುತ್ತದೆ.)

ಆಮೇಲೆ ಹಂಚಿನ ಗಾತ್ರದ ಗಾಜಿನ ತುಂಡೊಂದನ್ನು ಮಾಡಿನ ಮೇಲೆ ಇಟ್ಟೆ. ಅದು ಮಿಣಮಿಣ ಮಿನುಗತೊಡಗಿತು. ನೋಟ ತಿರುಗಿಸಿದ ಹಾಗೆಲ್ಲ ಒಮ್ಮೆ ಹಂಚು, ಒಮ್ಮೆ ಗಾಜು, ಒಮ್ಮೆ ಎರಡರ ಚಿಂದಿ. ಎರಡು ಮೈಗಳು ಒಂದೇ ಮಟ್ಟದಲ್ಲಿದ್ದರೆ ಯಾವುದು ಮುಂದೆ ಎಂದು ಕಂಪ್ಯೂಟರಿಗೆ ತೀರ್ಮಾನಿಸಲು ಆಗುವುದಿಲ್ಲ. 1 ಸೆಂಟಿಮೀಟರ್ ಮೇಲಕ್ಕೆತ್ತಿದರೆ ಮಿನುಗು ನಿಲ್ಲುತ್ತದೆ. ನಿಂತಿತು, ಆದರೆ ಗಾಜಿನ ಕೆಳಗೆ ಹಂಚು ಇದ್ದೇ ಇದೆಯಲ್ಲ, ಬೆಳಕು ಬರುವುದೆಲ್ಲಿಂದ? ಕೊನೆಗೆ ಬ್ಲೆಂಡರಿನಲ್ಲಿ ಮಾಡಿನ ಹಲಗೆಯಲ್ಲೇ ಹಂಚಿನಗಲದ ಕಿಂಡಿ ಕೊರೆದು ತಂದೆ. ಫೋಟೋ ಮಾಡುವ ಆಯ್ಕೆಯಲ್ಲಿ ಗುಣಮಟ್ಟಕ್ಕೆ ನಾಲ್ಕು ಹಂತ ಇದೆ. ಮೊದಲ ಎರಡು ಬೇಗ ಮುಗಿಯುತ್ತವೆ. ಕೊನೆಯ ಎರಡು ಬೆಳಕಿನ ಒಂದೊಂದು ಕಿರಣದ ದಾರಿ ಹಿಡಿದು ಲೆಕ್ಕ ಹಾಕುತ್ತವೆ, ಬಿಸಿಲು ನೆರಳು ನಿಜವಾಗಿ ಬೀಳುವುದು ಅಲ್ಲಿಯೇ. ಕಿಂಡಿಗೆ ಗಾಜು ಕೂರಿಸಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದರೆ ಅಡುಗೆಮನೆಯ ನೆಲದಲ್ಲಿ ಬಿಸಿಲಿನ ಚೌಕವೇ ಇಲ್ಲ. ಗಾಜಿನ ಮೂಲಕ ಬಿಸಿಲನ್ನು ದಾಟಿಸುವುದು ಇಂಥ ಲೆಕ್ಕಗಳಲ್ಲಿ ತುಂಬ ಕಷ್ಟದ ಕೆಲಸ. ಎಷ್ಟೋ ಸಲ ಗಾಜೂ ಹಲಗೆಯ ಹಾಗೆ ನೆರಳು ಕೊಡುತ್ತದೆ. ಗಾಜು ತೆಗೆದು ಬರೀ ಕಿಂಡಿ ಬಿಟ್ಟೆ. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಈ ಸಲ ನೆಲದ ಮೇಲೆ ಬಿಸಿಲು ಬಿತ್ತು.

ಬಿದ್ದದ್ದು ತಪ್ಪು ಜಾಗದಲ್ಲಿ. “ಹತ್ತ್ ಗಂಟಿಗೆ ಬಿಸ್ಲ್ ಅರು ಕಲ್ಲಿನ್ ಬುಡಕ್ ಬತ್ತ್, ಬಾಗ್ಲಿಗಲ್ಲ” ಎಂದಳು ಅಮ್ಮ. ಗೋಡೆ ಗಡಿಯಾರ ಬರುವ ಮೊದಲು ಅವಳು ಅನ್ನಕ್ಕೆ ನೀರಿಡುತ್ತಿದ್ದದ್ದು ಆ ಚೌಕ ನೋಡಿಯೇ. ತಂತ್ರಾಂಶದ ನಕ್ಷೆಯಲ್ಲಿ ಒಂದು ದಿಕ್ಸೂಚಿ ಇದೆ, ಅದಕ್ಕೆ ಊರಿನ ಅಕ್ಷಾಂಶ, ರೇಖಾಂಶ, ಉತ್ತರ ದಿಕ್ಕು ಕೊಡಬೇಕು, ಫೋಟೋಗೆ ದಿನ ಮತ್ತು ಗಂಟೆ ಕೊಡಬೇಕು. ಕುಂದಾಪುರದ 13.6 ಡಿಗ್ರಿ ಅಕ್ಷಾಂಶ ಸರಿಯಾಗಿ ಕೊಟ್ಟಿದ್ದೆ. ಆ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ವರ್ಷಕ್ಕೆರಡು ಸಲ, ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವೆ. ಅದನ್ನೂ ಹಾಕಿ ನೋಡಿದೆ, ಸರಿಯಿತ್ತು. ಆಮೇಲೆ ಉಪಗ್ರಹದ ನಕ್ಷೆ ತೆರೆದು ನಮ್ಮ ಮಾಡನ್ನು ಹುಡುಕಿದೆ. ಮನೆ ನೇರ ಪೂರ್ವಕ್ಕೆ ಇಲ್ಲ! ಈಶಾನ್ಯದ ಕಡೆಗೆ ಸಾಕಷ್ಟು ವಾಲಿದೆ. ಐವತ್ತು ವರ್ಷ ಅದು ಪೂರ್ವದ ಬಾಗಿಲು ಎಂದೇ ನಾವು ಹೇಳುತ್ತ ಬಂದಿದ್ದೆವು. ದಿಕ್ಸೂಚಿಯನ್ನು ಅಷ್ಟು ತಿರುಗಿಸಿ ಮತ್ತೊಂದು ರಾತ್ರಿ ಓಡಿಸಿದೆ. ಬಿಸಿಲು ಬಾಗಿಲು ಬಿಟ್ಟು ಅರೆಯುವ ಕಲ್ಲಿನ ಬುಡಕ್ಕೆ ಬಂತು.

ಆ ಚಿತ್ರವನ್ನು ನಾನು ಅಲಂಕಾರ ಮಾಡದೆ ಕಳಿಸಿದೆ. ಹೂವಿನ ಕುಂಡ, ಹೊಳೆಯುವ ಕಾರು, ಸಿನಿಮಾದ ಆಕಾಶ ಯಾವುದೂ ಬೇಡ. ಅವು ಬಂದರೆ ಶೀಟಿನ ಮನೆಯೂ ಚೆಂದವೇ, ತಗಡಿನ ಡಬ್ಬಿಯೂ ಚೆಂದವೇ.

ಅಣ್ಣ ಶೀಟಿನವನ ಅಂದಾಜು ಪಟ್ಟಿಯನ್ನು ಇನ್ನೂ ಹರಿದು ಹಾಕಿಲ್ಲ. ರೀಪು ಬದಲಿಸಿ ಇದ್ದ ಹಂಚನ್ನೇ ತೊಳೆದು ಹೊದೆಸಿದರೆ ಎಷ್ಟಾಗುತ್ತದೆ ಎಂದು ಇನ್ನೊಂದು ಪಟ್ಟಿ ತರಿಸುತ್ತಿದ್ದಾನೆ, ದೀಪಾವಳಿಗೆ ಹೋದಾಗ ಎರಡನ್ನೂ ಎದುರಿಟ್ಟು ಮಾತಾಡುವುದೆಂದು ಆಗಿದೆ. ಅಮ್ಮ ಮೊನ್ನೆ ಫೋನಿನಲ್ಲಿ, ದೇವರ ಕೋಣೆಯ ಮೇಲೂ ಒಂದು ಗಾಜಿನ ಹಂಚಿತ್ತು, ಅಪ್ಪ ಹೋದ ವರ್ಷ ತೆಂಗಿನಕಾಯಿ ಬಿದ್ದು ಒಡೆದದ್ದು, ಮತ್ತೆ ಹಾಕಿಸಲೇ ಇಲ್ಲ, ಅದನ್ನೂ ಚಿತ್ರದಲ್ಲಿ ಹಾಕು ಎಂದಳು. ನೆತ್ತಿಯಿಂದ ಎಷ್ಟನೆಯ ಸಾಲು ಎಂದು ಕೇಳಿದ್ದಕ್ಕೆ ಒಂಬತ್ತನೆಯದು ಎಂದಿದ್ದಾಳೆ. ಇವತ್ತು ರಾತ್ರಿ ಆ ಕಿಂಡಿ ಕೊರೆಯಬೇಕು.